ರಟ್ಟಣ್ಣ ಕತ್ತರಿಸಿದ ಅಂಚು

ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿಯೂ ಒಂದೇ ಒಂದು ಪುಸ್ತಕ ಓದದೆ ಉಳಿಯುವುದು ಹುಡುಗಾಟವಲ್ಲ. ಅದಕ್ಕೆ ಹಟ ಬೇಕು. ರಟ್ಟಣ್ಣನಿಗೆ ಆ ಹಟ ಬೇಕಾದಷ್ಟಿತ್ತು. ಹರಿದ ಪುಸ್ತಕಗಳ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ರಟ್ಟು ಹಾಕಿ ಕೊಡುವ ಕೆಲಸ ಅವನದು. ಹಾಗಾಗಿ ಆ ಹೆಸರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು, ಅದನ್ನು ಕೂಗಿದರೆ ಅವನೇ ಒಂದು ಕ್ಷಣ ಆಚೀಚೆ ನೋಡುತ್ತಿದ್ದ. "ಇಷ್ಟು ಪುಸ್ತಕದ ಮಧ್ಯೆ ಇದ್ದೀಯ, ಒಂದಾದ್ರೂ ಓದಬಾರದಾ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಡಾಕ್ಟ್ರು ಹೊಟ್ಟೆ ಕುಯ್ಯೋವಾಗ ರೋಗಿ ಜೊತೆ ಹರಟೆ ಹೊಡೀತಾರೇನ್ರೀ?"

ಕಪಾಟುಗಳ ಸಾಲು ಮುಗಿದ ಮೇಲೆ ಬರುವ ಕೊನೆಯ ಕೋಣೆ ಅವನದು. ಒಂದು ಕಿಟಕಿ, ಅದರಾಚೆ ಸೈಕಲ್ಲು ನಿಲ್ಲಿಸುವ ಜಾಗ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಹುಳ ಬೀಳದಂತೆ ಮೈಲುತುತ್ತ ಹಾಕಿ ಕಾಯಿಸಿದ ಮೈದಾ ಅಂಟಿನ ಡಬ್ಬ, ಇನ್ನೊಂದು ತುದಿಯಲ್ಲಿ ದಬ್ಬಣ, ದಾರ, ಬಟ್ಟೆಯ ತುಂಡುಗಳು. ಮೂಲೆಯಲ್ಲಿ ಕಬ್ಬಿಣದ ಚಕ್ರದ ಕತ್ತರಿಸುವ ಯಂತ್ರ. ಆ ಯಂತ್ರವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ರಟ್ಟಣ್ಣ ಅವತ್ತು ಪೂರ್ತಿ ಮುಖ ಗಂಟು ಹಾಕಿಕೊಂಡಿರುತ್ತಿದ್ದ.

ಕೆಲಸ ಕಲಿಸಿದ ಮೇಸ್ತ್ರಿ ಅವನಿಗೆ ಎರಡು ವಿಷಯ ಹೇಳಿಕೊಟ್ಟಿದ್ದರು. ಪುಸ್ತಕದ ಅಂಚನ್ನು ಕತ್ತರಿಸುವಾಗ ಉಗುರಿನಷ್ಟೇ ತೆಗೆಯಬೇಕು, ಏಕೆಂದರೆ ಅದೇ ಪುಸ್ತಕ ಹತ್ತು ವರ್ಷ ಬಿಟ್ಟು ಮತ್ತೆ ಬೈಂಡಿಗೆ ಬರುತ್ತದೆ, ಆಗ ಕತ್ತರಿಸುವುದಕ್ಕೆ ಏನಾದರೂ ಉಳಿದಿರಬೇಕು. ಇನ್ನೊಂದು, ಕತ್ತರಿಸಿದ ಚೂರುಗಳಲ್ಲಿ ಗಟ್ಟಿ ಕಾಗದದ್ದನ್ನು ಎಸೆಯಬಾರದು, ಬೇರೆ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಅಂಟಿಸಿದರೆ ಬೆನ್ನು ಗಟ್ಟಿಯಾಗುತ್ತದೆ. ರಟ್ಟಣ್ಣ ಎರಡನ್ನೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ. ಮೊದಲನೆಯದನ್ನು ಒಂದು ಸಲ ಮುರಿದ. ಈ ಕತೆ ಆ ಒಂದು ಸಲದ್ದು.

ಗ್ರಂಥಾಲಯದ ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ರಟ್ಟಣ್ಣನಿಗೆ ಮೈ ಉರಿಯುತ್ತಿತ್ತು. ಗೆರೆ ಎಳೆಯುವವರು, ಟಿಕ್ ಹಾಕುವವರು, "ಸತ್ಯವಾದ ಮಾತು" ಎಂದು ಪಕ್ಕದಲ್ಲಿ ಷರಾ ಬರೆಯುವವರು. "ಇವ್ರ ಅಪ್ಪನ ಮನೆ ಗೋಡೆ ಅಂದ್ಕೊಂಡಿದ್ದಾರೆ" ಎಂದು ಬೈದುಕೊಂಡೇ ರಬ್ಬರು ಉಜ್ಜುತ್ತಿದ್ದ. ಹೀಗಿರುವಾಗ ಒಂದು ದಿನ ಬೆನ್ನು ಕಿತ್ತು ನೇತಾಡುತ್ತಿದ್ದ ನೀಲಿ ರಟ್ಟಿನ ಕಾದಂಬರಿಯೊಂದು ಅವನ ಮೇಜಿಗೆ ಬಂತು. ಹೊಲಿಗೆ ಬಿಚ್ಚಿದರೆ ಒಳಗೆ ಅಂಚಿನ ತುಂಬ ಬರವಣಿಗೆ. ಪೆನ್ಸಿಲ್ಲಲ್ಲ, ಬಾಲ್‌ಪೆನ್ನು. ಅಂಚಿನ ಜಾಗ ಸಾಲದೆ ಪುಸ್ತಕವನ್ನು ಅಡ್ಡ ತಿರುಗಿಸಿಕೊಂಡು, ಪುಟದ ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಬರೆದ ಸಾಲುಗಳು. ಇಂಥವು ಮೂವತ್ತು ನಲವತ್ತು ಪುಟಗಳಲ್ಲಿ.

ಓದುವ ಅಭ್ಯಾಸವಿಲ್ಲದ ರಟ್ಟಣ್ಣ ಅವತ್ತು ಒಂದು ಸಾಲು ಮಾತ್ರ ಓದಿದ. ಅದೂ ಜಗಳಕ್ಕೆ ಸಾಕ್ಷಿ ಬೇಕು ಎಂದು. ಆ ಹಾಳೆಯನ್ನು ಹಿಡಿದುಕೊಂಡು ಚಹಾದ ಹೊತ್ತಿಗೆ ಹೊರಗೆ ಹೋದ. ಕೌಂಟರಿನವರು, ಗೇಟಿನವರು, ಗ್ರಂಥಪಾಲಕಿ ಮೇಡಂ ಎಲ್ಲ ಅಲ್ಲೇ ಇದ್ದರು. ರಟ್ಟಣ್ಣ ನಾಟಕದವನಂತೆ ಗಂಟಲು ಸರಿಮಾಡಿಕೊಂಡು ಓದಿದ. "ನನ್ನ ಚಪ್ಪಲಿ ಬಾಗಿಲ ಹತ್ತಿರಾನೇ ಇರಲಿ. ಎತ್ತಿಡಬೇಡ."

"ಯಾರೋ ಓಡಿಹೋಗೋಕೆ ತಯಾರಿ ಮಾಡ್ಕೊಂಡವ್ಳೆ" ಎಂದ ಗೇಟಿನವನು.

"ಪಾಪ, ಬರಿಗಾಲಲ್ಲಿ ಓಡ್ಬೇಕಾಗುತ್ತೆ ಅಂತ ಭಯ" ಎಂದ ರಟ್ಟಣ್ಣ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವನು ಅವನೇ.

ಒಳಗೆ ಬಂದು ಪುಸ್ತಕ ಹೊಲಿದ. ಯಂತ್ರದ ಕೆಳಗಿಟ್ಟ. ಉಗುರಿನಷ್ಟು ತೆಗೆದರೆ ಆ ಗೀಚು ಹೋಗುತ್ತಿರಲಿಲ್ಲ. ಅಲಗನ್ನು ಒಂದು ಬೆರಳಿನಷ್ಟು ಒಳಕ್ಕೆ ಸರಿಸಿದ. ಮೇಸ್ತ್ರಿಯ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿಗೆ ಬಂತು, ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಚಕ್ರ ತಿರುಗಿಸಿದ. ಪುಸ್ತಕ ಸ್ನಾನ ಮಾಡಿಸಿದಂತೆ ಚೊಕ್ಕಟವಾಗಿ ಹೊರಗೆ ಬಂತು. ಅವತ್ತು ಅವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಯಿತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಡಂ ಒಬ್ಬ ಮನುಷ್ಯನನ್ನು ಅವನ ಕೋಣೆಗೆ ಕರೆದುಕೊಂಡು ಬಂದರು. ಐವತ್ತರ ಆಸುಪಾಸಿನವನು, ಗರಿಗರಿ ಅಂಗಿ, ಬಲಗೈ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆಗಳು. ಹಿಂದಿನ ಬೀದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಅಂಗಡಿ ಅವನದು. ಕೈಯಲ್ಲಿ ಆ ನೀಲಿ ಪುಸ್ತಕ.

"ಇವ್ರಿಗೇನೋ ಕೇಳ್ಬೇಕಂತೆ, ನೋಡಿ" ಎಂದು ಮೇಡಂ ಹೊರಟುಹೋದರು.

ಇಸ್ತ್ರಿಯವನು ನಿಂತೇ ಮಾತಾಡಿದ. "ಅಣ್ಣಾ, ಇದು ನಮ್ಮ ಮಗಳು ಓದಿದ ಪುಸ್ತಕ. ಆಸ್ಪತ್ರೆಯಲ್ಲಿ ಇದ್ದಾಗ ಇದೇ ಅವಳ ತಲೆದಿಂಬಿನ ಹತ್ರ ಇರ್ತಿತ್ತು. ರಕ್ತದ ಕಾಯಿಲೆ. ಇಪ್ಪತ್ತೆರಡು ವರ್ಷ. ಹೋಗೋಕೆ ಮುಂಚೆ ಹೇಳಿದ್ಲು, ಅಪ್ಪ, ಮುಖ ನೋಡ್ಕೊಂಡು ಹೇಳೋಕಾಗಲ್ಲ, ಹೇಳ್ಬೇಕಾದ್ದೆಲ್ಲ ಆ ಪುಸ್ತಕದ ಅಂಚಲ್ಲಿ ಬರ್ದಿದ್ದೀನಿ, ಓದ್ಕೋ ಅಂತ. ಅಷ್ಟ್ರಲ್ಲಿ ಅವಳ ಗೆಳತಿ ವಾಪಸ್ ಕೊಟ್ಟುಬಿಟ್ಟಿದ್ಲು."

"ಯಾವಾಗ?" ಎಂದು ರಟ್ಟಣ್ಣ ಕೇಳಿದ. ಏನಾದರೂ ಕೇಳಬೇಕಲ್ಲ.

"ಏಳು ತಿಂಗಳಾಯ್ತು. ಬರ್ಬೇಕು ಬರ್ಬೇಕು ಅಂತ ಗೇಟಿನ ತನಕ ಎಷ್ಟು ಸಲ ಬಂದಿದ್ದೀನೋ. ಕಾಲು ಒಳಗೆ ಬರ್ತಿರ್ಲಿಲ್ಲ. ಇವತ್ತು ಬಂದೆ, ನೋಡಿದ್ರೆ ಇದ್ರಲ್ಲಿ ಏನೂ ಇಲ್ಲ." ಪುಸ್ತಕ ತೆರೆದು ತೋರಿಸಿದ. ಅಲ್ಲಲ್ಲಿ ಅಂಚಿನ ತುದಿಯಲ್ಲಿ ನೀಲಿ ಅಕ್ಷರದ ಕೊಂಬು, ಒತ್ತಕ್ಷರದ ಬಾಲ ಮಾತ್ರ ಉಳಿದಿದ್ದವು.

ರಟ್ಟಣ್ಣ ಅಂಟಿನ ಡಬ್ಬದ ಮುಚ್ಚಳ ಹಾಕಿದ. "ಬೈಂಡು ಹಾಕೋವಾಗ ಅಂಚು ಹೋಗೇ ಹೋಗುತ್ತೆ ಯಜಮಾನ್ರೇ. ಯಂತ್ರ ಅಷ್ಟು ತಗೊಳ್ಳುತ್ತೆ." ಇದು ಮೊದಲ ಸುಳ್ಳು.

"ನೀವು ಓದಿದ್ರಾ? ಒಂದು ಮಾತಾದ್ರೂ ನೆನಪಿದೆಯಾ?"

"ನಾನು ಪುಸ್ತಕ ಓದೋನಲ್ಲ. ಯಾರನ್ನ ಬೇಕಾದ್ರೂ ಕೇಳಿ." ಮೂವತ್ತೊಂದು ವರ್ಷದಿಂದ ನಿಜವಾಗಿದ್ದ ಮಾತು, ಅದಕ್ಕೇ ಸುಳ್ಳು ಅಷ್ಟು ಸಲೀಸಾಗಿ ಬಂತು. ಚಪ್ಪಲಿಯ ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಓದಿದ್ದು ಗೊತ್ತಾಗುತ್ತದೆ, ಓದಿದ್ದು ಗೊತ್ತಾದರೆ ನಕ್ಕಿದ್ದೂ ಬೇಕೆಂದೇ ಕತ್ತರಿಸಿದ್ದೂ ಹೊರಗೆ ಬರುತ್ತದೆ. ನುಂಗಿಕೊಂಡ.

ಇಸ್ತ್ರಿಯವನು ಮೇಜಿನ ಮೇಲೆ ಮುದುಡಿ ಬಿದ್ದಿದ್ದ ಬೈಂಡಿನ ಬಟ್ಟೆಯ ತುಂಡೊಂದನ್ನು ತನಗೆ ಗೊತ್ತಿಲ್ಲದೇ ಅಂಗೈಯಿಂದ ಸವರಿ ನೇರ ಮಾಡಿದ. "ಖಾಲಿ ಪುಸ್ತಕ ತಗೊಂಡು ಏನ್ಮಾಡ್ಲಿ, ನೀವೇ ಇಟ್ಕೊಳಿ" ಎಂದು ಹೊರಟ. ಬಾಗಿಲಲ್ಲಿ ತಿರುಗಿ, "ನಾನೇ ಬೇಗ ಬರ್ಬೇಕಿತ್ತು ಅಣ್ಣಾ, ನಿಮ್ಮದೇನೂ ತಪ್ಪಿಲ್ಲ" ಎಂದ.

ಬೈದಿದ್ದರೆ ರಟ್ಟಣ್ಣ ತಡೆದುಕೊಳ್ಳುತ್ತಿದ್ದ. ಬೈಗುಳಕ್ಕೆ ಬೈಗುಳ ಕೊಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಮಧ್ಯಾಹ್ನ ಬುತ್ತಿಯ ಮುಚ್ಚಳ ತೆಗೆದು ಹಾಗೇ ಮುಚ್ಚಿದ. ಆಮೇಲೆ ತಟ್ಟನೆ ಹೊಳೆಯಿತು. ಆ ಕಾದಂಬರಿಯದು ಹಳೆಯ ಕಾಲದ ಗಟ್ಟಿ ಕಾಗದ. ಅದರ ಚೂರುಗಳನ್ನು ಅವನು ಎಸೆದಿರಲಿಲ್ಲ. ಆ ವಾರ ಬೈಂಡು ಮಾಡಿದ ಪುಸ್ತಕಗಳ ಬೆನ್ನೊಳಗೆ ಅಂಟಿಸಿದ್ದ.

ಬೈಂಡಿಂಗಿನ ದಫ್ತರು ತೆಗೆದು ನೋಡಿದ. ಆ ವಾರದ್ದು ನಲವತ್ತೆರಡು ಪುಸ್ತಕ. ಅದರಲ್ಲಿ ಹನ್ನೊಂದು ಪುಸ್ತಕ ಓದುಗರ ಮನೆಯಲ್ಲಿದ್ದವು, ಉಳಿದವು ಕಪಾಟಿನಲ್ಲಿ. ತಳ್ಳುಗಾಡಿಯಲ್ಲಿ ಅವನ್ನೆಲ್ಲ ತುಂಬಿಕೊಂಡು ಬರುತ್ತಿದ್ದರೆ ಮೇಡಂ ಅಡ್ಡ ನಿಂತರು.

"ಮೊನ್ನೆ ಮೊನ್ನೆ ಹಾಕಿದ ಬೈಂಡು ಬಿಚ್ತೀರಾ? ತಲೆ ನೆಟ್ಟಗಿದೆ ತಾನೇ?"

"ಅಂಟಲ್ಲಿ ಹುಳ ಬಿದ್ದಿದೆ ಮೇಡಂ. ಮೈಲುತುತ್ತ ಕಮ್ಮಿ ಆಗಿತ್ತು." ತನ್ನ ಅಂಟಿನಲ್ಲಿ ಹುಳ ಎಂದು ಬೇರೆ ಯಾರಾದರೂ ಹೇಳಿದ್ದರೆ ರಟ್ಟಣ್ಣ ಅವರ ಜನ್ಮ ಜಾಲಾಡುತ್ತಿದ್ದ. ಈಗ ತಾನೇ ಹೇಳಿದ.

ಒಂದೊಂದೇ ಬೆನ್ನು ಕುಯ್ದ. ಒದ್ದೆ ಬಟ್ಟೆ ಹಾಸಿ ಅಂಟು ನೆನೆಯುವವರೆಗೆ ಕಾಯಬೇಕು, ಅವಸರ ಮಾಡಿದರೆ ಚೂರು ಹರಿಯುತ್ತದೆ. ನೆನೆದ ಮೇಲೆ ಉಗುರಿನ ತುದಿಯಿಂದ ಎಬ್ಬಿಸಬೇಕು. ಹೆಚ್ಚಿನವು ಖಾಲಿ ಚೂರುಗಳು. ಬಿಳಿಯ ಬರೀ ಅಂಚು. ಐದನೆಯ ಪುಸ್ತಕ, ಅಡುಗೆಯದು, ಅದರ ಬೆನ್ನಲ್ಲಿ ಮೊದಲ ನೀಲಿ ಅಕ್ಷರ ಕಂಡಾಗ ರಟ್ಟಣ್ಣ ಕೋಣೆಯ ಬಾಗಿಲು ಹಾಕಿಕೊಂಡ. ಬಾಲ್‌ಪೆನ್ನಿನ ಶಾಯಿ ಅಂಟಿಗೆ ಹರಡಿರಲಿಲ್ಲ. ಆ ಚೂರಿನಲ್ಲಿ ಹೀಗಿತ್ತು: "ಈ ಪುಟ ಬರೀ ಬೋರು. ಬಿಟ್ಟು ಮುಂದೆ ಓದಪ್ಪ."

ಮೂರು ವಾರ ಹಿಡಿಯಿತು. ಬಿಚ್ಚಿದ ಪುಸ್ತಕಗಳನ್ನು ಮತ್ತೆ ಹೊಲಿದು ರಟ್ಟು ಹಾಕುವ ಕೆಲಸವೂ ಇತ್ತಲ್ಲ. ಓದುಗರ ಮನೆಯಿಂದ ವಾಪಸ್ಸು ಬಂದವನ್ನೂ ಬಿಚ್ಚಿ ನೋಡಿದ. ಕೊನೆಗೆ ಕೈಯಲ್ಲಿ ಉಳಿದದ್ದು ಬರವಣಿಗೆ ಇದ್ದ ಒಂಬತ್ತು ಚೂರು, ಮಿಕ್ಕವು ಬೆನ್ನಿನ ಅಳತೆಗೆ ಕತ್ತರಿಸುವಾಗಲೇ ಚಿಂದಿಯಾಗಿ ಹೋಗಿದ್ದವು. ಒಂದರಲ್ಲಿ, "ಇವತ್ತು ನರ್ಸಮ್ಮ ಮೂರು ಸಲ ಚುಚ್ಚಿದಳು. ಕತೆಗೂ ಇದಕ್ಕೂ ಸಂಬಂಧ ಇಲ್ಲ." ಇನ್ನೊಂದರಲ್ಲಿ, "ಅತ್ತೆ ಊಟ ಕಳಿಸಿದರೆ ತಿನ್ನು. ಬುದ್ಧಿ ಹೇಳಿದರೆ ಕೇಳಬೇಡ." ಮತ್ತೊಂದು ಅರ್ಧಕ್ಕೆ ಕತ್ತರಿಸಿಹೋಗಿತ್ತು, "ನನ್ನ ಹೆಸರು ಹೇಳಬಾರದು ಅಂತ ಯಾರೂ" ಎಂಬಲ್ಲಿಗೆ ನಿಂತಿತ್ತು. ಚಪ್ಪಲಿಯ ಸಾಲು ಸಿಗಲಿಲ್ಲ.

ಚೂರುಗಳನ್ನು ಹಾಗೇ ತೆಗೆದುಕೊಂಡು ಹೋಗಿ ಕೊಡಬಹುದಿತ್ತು. ಆದರೆ ಬೈಂಡಿನವನ ಬುದ್ಧಿ, ಯಾವುದು ಯಾವ ಪುಟದ್ದೋ ಅಲ್ಲಿಗೇ ಸೇರಬೇಕು. ಅಕ್ಷರದ ಉಳಿದ ಬಾಲಗಳನ್ನು ಚೂರಿನ ಜೊತೆ ಹೊಂದಿಸಿದರೆ ಎರಡು ಮೂರಕ್ಕೆ ಜಾಗ ಗೊತ್ತಾಯಿತು, ಉಳಿದವಕ್ಕೆ ಕತೆ ಗೊತ್ತಿರಬೇಕು. ರಟ್ಟಣ್ಣ ಕೌಂಟರಿಗೆ ಹೋಗಿ ಆ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಕೌಂಟರಿನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಮೊದಮೊದಲು ಸಿಡಿಮಿಡಿಗೊಂಡೇ ಓದಿದ. ಕತೆಯಲ್ಲಿ ಒಬ್ಬ ಹುಡುಗಿ, ಅವಳ ಪುಟ್ಟ ತಮ್ಮ ತೀರಿಹೋಗಿದ್ದಾನೆ. ಮನೆಯವರೆಲ್ಲ ಸೇರಿ ಇನ್ನು ಅವನ ಹೆಸರೆತ್ತಬಾರದು ಎಂದು ತೀರ್ಮಾನ ಮಾಡುತ್ತಾರೆ. ನದಿಯ ವರ್ಣನೆಯೇ ಆರು ಪುಟ ಬಂದಾಗ "ಬೋರು" ಎಂಬ ಚೂರಿನ ಜಾಗ ಯಾವುದೆಂದು ಕೇಳಬೇಕಾಗಿರಲಿಲ್ಲ. ರಟ್ಟಣ್ಣ ಒಬ್ಬನೇ ನಕ್ಕ. ಅಂಚಲ್ಲಿ ಬರೆದ ಹುಡುಗಿ ಪಕ್ಕದಲ್ಲೇ ಕೂತು ಓದಿಸುತ್ತಿದ್ದಂತೆ ಇತ್ತು. ಆಮೇಲೆ ಆಮೇಲೆ ಸಿಟ್ಟು ಹೋಯಿತು, ಊಟದ ಬಿಡುವು ಸಾಲದಾಯಿತು. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬಂದ. ಅಲ್ಲಿ ತಂದೆ, ಗೋಡೆಯ ಮೇಲೆ ಮಗನ ಎತ್ತರ ಅಳೆದು ಹಾಕಿದ್ದ ಪೆನ್ಸಿಲ್ ಗುರುತುಗಳ ಮೇಲೆ ಸುಣ್ಣ ಹೊಡೆಯುತ್ತಾನೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಒಂದು ಮಾತೂ ಆಡುವುದಿಲ್ಲ. "ಗೋಡೆ ಈಗ ಎಷ್ಟು ಚೆನ್ನಾಗಿದೆ ನೋಡು" ಎನ್ನುತ್ತಾನೆ ತಂದೆ.

ಆ ಪುಟದ ಅಂಚಿನಲ್ಲಿ ಒಂದು ಸಾಲಿನ ಬಾಲಗಳು ಉಳಿದಿದ್ದವು. ಚಪ್ಪಲಿಯ ಸಾಲು ಇಲ್ಲಿಯದೇ ಎಂದು ರಟ್ಟಣ್ಣನಿಗೆ ಗೊತ್ತಾಗಿಹೋಯಿತು. ಪುಸ್ತಕ ಮುಚ್ಚಿ, ಅಂಟಿನ ಡಬ್ಬದ ಪಕ್ಕ ತಲೆಯಿಟ್ಟು ಅತ್ತ. ಐವತ್ತೇಳು ವರ್ಷದ ಗಂಡಸು, ಕತೆ ಓದಿ ಅಳುವುದೆಂದರೆ ಅವನಿಗೇ ನಾಚಿಕೆಯಾಯಿತು. ಆದರೆ ಅವನು ಅತ್ತದ್ದು ಕತೆಗೆ ಮಾತ್ರವಲ್ಲ.

ಅವನಿಗೂ ಒಬ್ಬ ಮಗ ಇದ್ದ. ಐದು ವರ್ಷದವನು, ಎರಡು ದಿನದ ಜ್ವರದಲ್ಲಿ ಹೋದ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಹೆಂಡತಿಯನ್ನು ಅವಳ ಅಕ್ಕ ನಾಲ್ಕು ದಿನ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದಾಗ ರಟ್ಟಣ್ಣ ಮಗುವಿನ ಬಟ್ಟೆ, ಬೂಟು, ಸ್ಲೇಟು, ಮೂರು ಗಾಲಿಯ ಸೈಕಲ್ಲು, ಊಟದ ತಟ್ಟೆ ಎಲ್ಲವನ್ನೂ ಎರಡು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟುಬಿಟ್ಟ. ನೆಲ ಒರೆಸಿದ. ಅವಳು ವಾಪಸ್ಸು ಬಂದಾಗ "ಒಳ್ಳೇದಕ್ಕೇ ಮಾಡಿದ್ದೀನಿ, ಕಣ್ಣಿಗೆ ಬೀಳ್ತಿದ್ರೆ ಇನ್ನೂ ಸಂಕಟ" ಎಂದ. ಅವಳು ಮನೆಯೆಲ್ಲ ಒಂದು ಸುತ್ತು ನೋಡಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಏನೂ ಕೇಳಲಿಲ್ಲ. ಗಟ್ಟಿ ಮನುಷ್ಯ, ಹೆಂಡತಿಯನ್ನು ಹೇಗೆ ಸಂಭಾಳಿಸಿದ ನೋಡಿ ಎಂದು ನೆಂಟರೆಲ್ಲ ಹೊಗಳಿದ್ದರು. ಅವನೂ ನಂಬಿದ್ದ.

ಮಾರನೆಯ ದಿನ ಒಂಬತ್ತು ಚೂರನ್ನೂ ಅವುಗಳ ಪುಟಗಳಲ್ಲಿಟ್ಟು, ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಬೀದಿಗೆ ಹೋದ. ಚಿಕ್ಕ ಅಂಗಡಿ. ಹಳೆಯ ಕಂಬಳಿ ಹಾಸಿದ ಮೇಜು, ಕೆಂಡದ ಇಸ್ತ್ರಿ ಪೆಟ್ಟಿಗೆ, ಗಂಟು ಕಟ್ಟಿದ ಬಟ್ಟೆಗಳ ಮೇಲೆ ಮನೆ ನಂಬರಿನ ಚೀಟಿ. ಹಿಂದೆ ಪರದೆಯಾಚೆ ಮನೆಯ ಬಾಗಿಲು. ಇಸ್ತ್ರಿಯವನು ಯಾರದೋ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ.

"ಯಜಮಾನ್ರೇ, ಒಂಬತ್ತು ಸಿಕ್ಕಿದೆ" ಎಂದ ರಟ್ಟಣ್ಣ.

ಇಸ್ತ್ರಿಯವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೈಗಳನ್ನು ಅಂಗಿಗೆ ಒರೆಸಿಕೊಂಡ. ಚೂರುಗಳು ಅಂಟಿನಿಂದ ಸುರುಳಿ ಸುತ್ತಿಕೊಂಡಿದ್ದವು. ಅವನು ತೆಳ್ಳನೆಯ ಬಿಳಿ ಬಟ್ಟೆಯೊಂದನ್ನು ಹಾಸಿ, ಒಂದೊಂದು ಚೂರನ್ನೂ ಅದರ ಮಡಿಕೆಯೊಳಗಿಟ್ಟು, ಎರಡು ಹನಿ ನೀರು ಚಿಮುಕಿಸಿ, ಪೆಟ್ಟಿಗೆಯನ್ನು ತಾಗಿಸಿಯೂ ತಾಗಿಸದಂತೆ ಮೇಲೆ ಓಡಿಸಿದ. ಚೂರು ನೇರವಾಯಿತು. ಓದಿದ. ಇನ್ನೊಂದು ಇಟ್ಟ. ಅತ್ತೆಯ ಸಾಲು ಬಂದಾಗ "ನೋಡಿ ಇವಳನ್ನ" ಎಂದು ನಕ್ಕ, ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. ಎಲ್ಲ ಮುಗಿದ ಮೇಲೆ ರಟ್ಟಣ್ಣನ ಎರಡೂ ಕೈ ಹಿಡಿದುಕೊಂಡ.

"ಯಾರು ಮಾಡ್ತಾರಣ್ಣಾ ಇಷ್ಟೆಲ್ಲ? ಗುರುತಿಲ್ಲದವ್ರಿಗೆ? ನೀವು ಚೆನ್ನಾಗಿರ್ಬೇಕು."

ಇಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ರಟ್ಟಣ್ಣನೇನು ಮಹಾತ್ಮನಲ್ಲ, ಹೋಗಿಬಿಡೋಣ ಎಂದು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಇದ್ದ. ಆದರೆ ಹಿಡಿದುಕೊಂಡ ಕೈ ಬಿಸಿಯಾಗಿತ್ತು.

"ಹತ್ತನೇದು ಒಂದಿದೆ" ಎಂದ. "ಅದು ಚೂರಲ್ಲಿ ಸಿಗ್ಲಿಲ್ಲ. ನಂಗೆ ಬಾಯಿಪಾಠ ಇದೆ. ನನ್ನ ಚಪ್ಪಲಿ ಬಾಗಿಲ ಹತ್ತಿರಾನೇ ಇರಲಿ, ಎತ್ತಿಡಬೇಡ. ಹಾಗಂತ ಬರ್ದಿದ್ಲು."

ಇಸ್ತ್ರಿಯವನು ಕೈ ಬಿಟ್ಟ. "ಯಾವತ್ತು ಓದಿದ್ರಿ?"

"ಕತ್ತರಿಸಿದ ದಿನ. ನಾಲ್ಕು ಜನಕ್ಕೆ ಓದಿ ಹೇಳಿ ನಗಿಸಿದೆ. ಆಮೇಲೆ ಬೇಕಂತಲೇ ಒಂದು ಬೆರಳು ಜಾಸ್ತಿ ಕತ್ತರಿಸಿದೆ. ಯಂತ್ರ ಅಷ್ಟು ತಗೊಳ್ಳಲ್ಲ."

"ನಾನು ಬಂದು ಕೇಳಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಇಸ್ತ್ರಿಯವನು ಪರದೆಯ ಕಡೆ ನೋಡಿದ. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅವತ್ತು ಇತ್ತು ಅಣ್ಣಾ. ಬಾಗಿಲ ಹತ್ರಾನೇ ಇತ್ತು ಆ ಚಪ್ಪಲಿ. ಎಂಟು ತಿಂಗಳು ನಾನು ಅದನ್ನ ಮುಟ್ಟಿರ್ಲಿಲ್ಲ, ಅದರ ಸುತ್ತ ಕಸ ಗುಡಿಸ್ತಿದ್ದೆ. ಹೋದ ಭಾನುವಾರ ನಮ್ಮ ಅಕ್ಕ ಬಂದಿದ್ಲು. ದಿನಾ ಇದನ್ನ ನೋಡಿ ನೋಡಿ ನೀನೂ ಸಾಯ್ತೀಯ ಅಂತ ಚೀಲಕ್ಕೆ ಹಾಕ್ಕೊಂಡು ಹೋಗಿ ಕಸದ ತೊಟ್ಟಿಗೆ ಹಾಕಿದ್ಲು. ಬೇಡ ಅನ್ಬೇಕು ಅಂತ ಬಾಯಿ ತನಕ ಬಂತು. ಅನ್ನೋಕೆ ಒಂದು ಕಾರಣ ಬೇಕಲ್ಲ? ನನ್ನ ಹತ್ರ ಇರ್ಲಿಲ್ಲ."

"ಯಾವ ತೊಟ್ಟಿ? ನಾನು ಹೋಗಿ ಹುಡುಕ್ತೀನಿ."

"ಸೋಮವಾರ ಲಾರಿ ಬಂದು ಹೋಯ್ತು." ಅವನು ಅರ್ಧಕ್ಕೆ ಬಿಟ್ಟಿದ್ದ ಅಂಗಿಯನ್ನು ಮುಂದಕ್ಕೆಳೆದುಕೊಂಡ. "ಅಕ್ಕನದ್ದೇನು ತಪ್ಪು? ಅವಳು ಒಳ್ಳೇದಕ್ಕೇ ಮಾಡಿದ್ಲು. ನೀವಿನ್ನು ಹೋಗಿ ಅಣ್ಣಾ. ಬಟ್ಟೆ ಬಹಳ ಇದೆ."

ರಟ್ಟಣ್ಣ ಗ್ರಂಥಾಲಯಕ್ಕೆ ಹೋಗಲಿಲ್ಲ, ಅರ್ಧ ದಿನದ ರಜೆಯನ್ನೂ ಬರೆಯಲಿಲ್ಲ. ನೆಟ್ಟಗೆ ಮನೆಗೆ ನಡೆದ. "ಒಳ್ಳೇದಕ್ಕೇ" ಎಂಬ ಆ ಮಾತು ದಾರಿಯುದ್ದಕ್ಕೂ ಕಿವಿಯಲ್ಲಿತ್ತು, ಅದೂ ಅವನದೇ ದನಿಯಲ್ಲಿ.

ಹೆಂಡತಿ ಕಿಟಕಿಯ ಹತ್ತಿರ ಕೂತು ಕಾಜಾ ಹೊಲಿಯುತ್ತಿದ್ದಳು. ಟೈಲರ್ ಅಂಗಡಿಯ ಅಂಗಿಗಳಿಗೆ ಕಾಜಾ ಗುಂಡಿ ಮಾಡಿಕೊಡುವುದು ಅವಳ ಕೆಲಸ. ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ನೋಡಿ "ಏನ್ರೀ, ಹುಷಾರಿಲ್ವಾ?" ಎಂದಳು.

ರಟ್ಟಣ್ಣ ಅವಳ ಎದುರಿಗೆ ನೆಲದ ಮೇಲೆ ಕೂತ. ಎಲ್ಲವನ್ನೂ ಹೇಳಿದ. ಹುಡುಗಿಯ ಬರವಣಿಗೆ, ನಕ್ಕಿದ್ದು, ಕತ್ತರಿಸಿದ್ದು, ಸುಳ್ಳುಗಳು, ಬೆನ್ನು ಕುಯ್ದು ಹುಡುಕಿದ್ದು, ಚಪ್ಪಲಿ. ಕಾದಂಬರಿಯ ಗೋಡೆಯನ್ನೂ ಹೇಳಿದ. ಅವಳು ಕೇಳುತ್ತಾ ಒಂದು ಅಂಗಿ ಮುಗಿಸಿ ಮತ್ತೊಂದು ತೆಗೆದುಕೊಂಡಳು.

"ನಾನೂ ಅವತ್ತು ಸುಣ್ಣಾನೇ ಹೊಡೆದದ್ದು ಕಣೇ" ಎಂದ ಕೊನೆಗೆ. "ನಮ್ಮ ಮಗೂದು ಒಂದು ಬಟ್ಟೆ ಉಳಿಸ್ಲಿಲ್ಲ. ನಿನ್ನ ಒಂದು ಮಾತು ಕೇಳ್ಲಿಲ್ಲ."

ಸೂಜಿ ನಿಂತಿತು. ಅವಳು ಅವನನ್ನು ನೋಡಲಿಲ್ಲ, ಕೈಯಲ್ಲಿದ್ದ ಅಂಗಿಯನ್ನೇ ನೋಡುತ್ತ ಮಾತಾಡಿದಳು. "ನಾನು ಗುಜರಿ ಅಂಗಡಿಗೆ ಹೋಗಿದ್ದೆ."

"ಯಾವಾಗ?"

"ಆಗಲೇ. ನೀವು ಕೆಲಸಕ್ಕೆ ಹೋದ ಮೇಲೆ. ಮೂರು ದಿನ ಹೋದೆ. ಅವನು ಪಾಪ ಒಳ್ಳೆಯವನು, ಹುಡುಕ್ಕೊಳ್ಳಮ್ಮ ಅಂತ ಚೀಲ ಎಲ್ಲ ಸುರಿದುಕೊಟ್ಟ. ಯಾರ್‍ಯಾರದೋ ಬಟ್ಟೆ, ಡಬ್ಬ, ತಗಡು. ಮಧ್ಯಾಹ್ನದ ತನಕ ಕೂತು ನೋಡ್ತಿದ್ದೆ. ನೀವು ಬರೋಷ್ಟರಲ್ಲಿ ಬಂದು ಸ್ನಾನ ಮಾಡಿ ಅಡುಗೆ ಮಾಡ್ತಿದ್ದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀವು ಮನೆ ಅಷ್ಟು ಚೊಕ್ಕಟ ಮಾಡಿಟ್ಟಿದ್ರಿ."

ರಟ್ಟಣ್ಣ ಇಪ್ಪತ್ತೆರಡು ವರ್ಷ ಅವಳು ಬಡಿಸಿದ ಅನ್ನ ಉಂಡಿದ್ದ. ಒಮ್ಮೆಯೂ ಕೇಳಿರಲಿಲ್ಲ.

ಅವಳು ದಾರ ಹಲ್ಲಿನಿಂದ ಕಡಿದಳು. "ನಿಮಗೆ ಎಷ್ಟು ಚೂರು ಸಿಕ್ತು ಅಂದ್ರಿ?"

"ಒಂಬತ್ತು."

"ನಂಗೆ ಒಂದೂ ಸಿಗ್ಲಿಲ್ಲ ಕಣ್ರೀ" ಎಂದಳು.